ಕಿಟಕಿಯಲ್ಲೊಬ್ಬ ಹತ್ತನೆಯವ

ಗೇಟಿನ ಅಗುಳಿಯ ಮೇಲಿಂದ ಫ್ರೇಡಾ ಕೈ ತೆಗೆಯಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಬಿಯರ್ ಡಬ್ಬಿ ಹಿಡಿದ ಮೂವರು, "ಏಯ್ ಯಹೂದಿಗಳಾ, ಧೈರ್ಯ ಇದ್ರೆ ಹೊರಗೆ ಬನ್ರೋ!" ಎಂದು ಅರಚುತ್ತಿದ್ದರು. ವಯರ್‌ಲೆಸ್‌ನಲ್ಲಿ ಹೇಳಿ ಆಗಿತ್ತು, ಪೊಲೀಸರು ಇನ್ನೂ ಬಂದಿರಲಿಲ್ಲ. ಹಗಲೆಲ್ಲ ಹೆಂಗಸರ ಕೂದಲು ಕತ್ತರಿಸುವ ಫ್ರೇಡಾ, ಸಂಜೆಯಾದರೆ ಸಮುದಾಯದ ಕಾವಲು ಸಂಘದ ಜಾಕೆಟ್ ತೊಟ್ಟು ಮ್ಯಾಂಚೆಸ್ಟರಿನ ಈ ಪುಟ್ಟ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಮುಂದೆ ನಿಲ್ಲುತ್ತಾಳೆ. ಜೊತೆಗೆ ಬಸ್ ಓಡಿಸುವ ಹರ್ಶೆಲ್.

ಒಳಗಿನಿಂದ ಮುದುಕ ಆನ್ಶೆಲ್ ಧುಮುಗುಡುತ್ತ ಬಂದ.

"ಹರ್ಶೆಲ್, ಒಳಗೆ ಬಾರಯ್ಯಾ. ಒಂಬತ್ತೇ ಜನ ಇದ್ದೀವಿ."

"ಅವನು ಬರಲ್ಲ ತಾತ," ಅಂದಳು ಫ್ರೇಡಾ. "ಗೇಟಲ್ಲಿ ಇಬ್ರು ಇರ್ಲೇಬೇಕು."

"ನಿನ್ನ ಕೇಳಿದ್ನೇನಮ್ಮಾ? ಇವತ್ತು ನಮ್ಮಮ್ಮ ತೀರಿಕೊಂಡ ದಿನ. ಹೊತ್ತು ಮುಳುಗಿದ್ರೆ ಮುಗೀತು."

ಹತ್ತು ಗಂಡಸರು ಸೇರದೆ ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ತಾಯಿಯ ಹೆಸರಿನಲ್ಲಿ ಹೇಳುವಂತಿಲ್ಲ. ಒಂದು ವರ್ಷವೂ ಅದನ್ನು ತಪ್ಪಿಸಿದವನಲ್ಲ ಆನ್ಶೆಲ್.

"ಬೇರೆ ಯಾರನ್ನಾದ್ರೂ ಕರೀರಿ."

"ಕರೆದೆ. ಈ ಗಲಾಟೇಲಿ ಯಾವನು ಬರ್ತಾನೆ? ನೀವು ಕಾವಲು ನಿಂತೂ ನಿಂತೂ ದೇವರ ಮನೇನ ಜೈಲು ಮಾಡಿಟ್ಟಿದ್ದೀರಿ!"

"ಹೋದ ತಿಂಗಳು ಬಂದ ಇಟ್ಟಿಗೆ ಬಿದ್ದಿದ್ದು ನನ್ನ ಭುಜಕ್ಕೆ, ನಿಮ್ಮ ಭುಜಕ್ಕಲ್ಲ. ಅಷ್ಟು ಬೇಕಾದ್ರೆ ನನ್ನನ್ನೇ ಎಣಿಸ್ಕೊಳ್ಳಿ."

"ಹೆಂಗಸರನ್ನ ಎಣಿಸಲ್ಲ ಅಂತ ಗೊತ್ತಿದ್ದೂ ಕೆಣಕ್ತೀಯಲ್ಲ, ನಾಚಿಕೆ ಆಗಲ್ವಾ?"

ಎದುರಿನವರಿಗೆ ಇದೊಳ್ಳೆ ಮಜವಾಯಿತು. "ಬಡಿದಾಡ್ಕೊಂಡು ಸಾಯ್ರೋ!" ಎಂದು ಕೇಕೆ ಹಾಕಿದರು.

ಆನ್ಶೆಲ್ ಅವರತ್ತ ನೋಡಲೂ ಇಲ್ಲ. ಗೇಟಿನ ಪಕ್ಕದ ಕಿಟಕಿಯನ್ನೇ ದಿಟ್ಟಿಸುತ್ತ ನಿಂತ.

"ಹೊರಗಿರೋನು ಕಿಟಕೀಲಿ ಮುಖ ತೋರಿಸಿದ್ರೆ ಲೆಕ್ಕಕ್ಕೆ ಸೇರ್ತಾನೆ. ಶಾಸ್ತ್ರದಲ್ಲೇ ಇದೆ. ಹರ್ಶೆಲ್, ಅಲ್ಲಿ ನಿಂತ್ಕೊ."

"ಬೀದಿಗೆ ಬೆನ್ನು ಹಾಕಿದ್ರೆ ಅದೆಂಥ ಕಾವಲು?" ಫ್ರೇಡಾ ಸಿಡುಕಿದಳು.

"ನಿನ್ನ ಕಣ್ಣು ಕುರುಡಾ? ಇಬ್ಬರ ಪಾಲಿನದನ್ನೂ ನೀನೇ ನೋಡು!"

ಎದುರುಮನೆ ಚಿಮಣಿಯ ಮೇಲೆ ಒಂದಿಷ್ಟು ಬಿಸಿಲು ಉಳಿದಿತ್ತು. ಹರ್ಶೆಲ್ ಅವಳ ಮುಖ ನೋಡಿದ.

"ಹೋಗು," ಅಂದಳು. "ತಾತ, ಎಳೀಬೇಡಿ. ಬೇಗ ಮುಗಿಸಿ."

ಹರ್ಶೆಲ್ ಕಿಟಕಿಗೆ ಮುಖ ಕೊಟ್ಟ. ಆನ್ಶೆಲ್ ಒಳಹೋಗುತ್ತಲೇ ಪ್ರಾರ್ಥನೆ ಶುರುವಾಯಿತು.

"ನೋಡ್ರೋ, ಇವನು ಗೋಡೆ ನೆಕ್ತಾವ್ನೆ!" ಎನ್ನುತ್ತ ಒಬ್ಬ ರಸ್ತೆಗಿಳಿದ. ಡಬ್ಬಿಯೊಂದು ಹಾರಿ ಬಂದು ಹರ್ಶೆಲ್‌ನ ಬೆನ್ನಿಗೆ ಬಡಿಯಿತು; ಬಿಯರ್ ಜಾಕೆಟ್ಟಿನ ಮೇಲೆಲ್ಲ ಇಳಿಯಿತು. ಅವನ ಕತ್ತು ತಿರುಗತೊಡಗಿತು.

"ತಿರುಗಬೇಡ್ವೋ! ನೀನು ತಿರುಗಿದ್ರೆ ಒಳಗೆ ಒಂಬತ್ತೇ!" ಎಂದು ಫ್ರೇಡಾ ಕೂಗಿದಳು.

ಅವನು ಹಲ್ಲು ಕಚ್ಚಿ ಮೂಗನ್ನು ಗಾಜಿಗೆ ಒತ್ತಿ ನಿಂತ. ಒಳಗೆ ಆನ್ಶೆಲ್‌ನ ಒಡಕು ದನಿ ಕದ್ದೀಶ್ ಎತ್ತಿಕೊಂಡಿತು. ಎಳೀಬೇಡಿ ಅಂದಿದ್ದಳು, ಹಟಕ್ಕೆ ಬಿದ್ದವನಂತೆ ಮುದುಕ ಒಂದೊಂದೇ ಮಾತನ್ನು ತೂಗಿ ತೂಗಿ ಹೇಳುತ್ತಿದ್ದ. ಫ್ರೇಡಾ ಮನಸ್ಸಿನಲ್ಲೇ ಅವನಿಗೆ ಶಾಪ ಹಾಕಿದಳು. ಹಾಕುತ್ತಲೇ ಹಿಂದೆ ಸರಿದು, ಹರ್ಶೆಲ್‌ನ ಒದ್ದೆ ಬೆನ್ನಿಗೆ ತನ್ನ ಬೆನ್ನು ತಾಗಿಸಿ, ಬೀದಿಗೆ ಎದೆ ಕೊಟ್ಟು ನಿಂತಳು.

ಎರಡನೆಯ ಡಬ್ಬಿ ಅವಳ ಹಣೆಗೇ ಬಿತ್ತು.

"ಆಮೆನ್," ಅಂದ ಹರ್ಶೆಲ್, ಬೀದಿಗೆಲ್ಲ ಕೇಳುವಂತೆ.