ಹಸಿರಿನ ಸಾಕ್ಷಿ

ವಿಷ ತಂದು ಸುರಿದವರು ಅರಮನೆಯವರು. ಅದನ್ನು ನುಂಗಿ ಸತ್ತವರು ಬೇರಿನವರು. ಇದು ಅನ್ಯಾಯ.

ಆ ರಾಜ್ಯದ ತಾಮ್ರದ ಗಣಿಯಿಂದ ಹೊರಬಿದ್ದ ಕಿಟ್ಟವನ್ನೆಲ್ಲ ಊರಾಚೆ ಒಂದು ದಿಬ್ಬಕ್ಕೆ ಸುರಿಯುತ್ತಿದ್ದರು. ಅಲ್ಲಿ ಗರಿಕೆಯೊಂದನ್ನು ಬಿಟ್ಟು ಏನೂ ಬೆಳೆಯುತ್ತಿರಲಿಲ್ಲ. ಗರಿಕೆ ಬದುಕಿದ್ದು ತನ್ನ ಬಲದಿಂದಲ್ಲ. ಅದರ ಬೇರಿಗೆ ಅಂಟಿಕೊಂಡು ಕಣ್ಣಿಗೆ ಕಾಣದ ಜೀವಿಗಳಿದ್ದವು. ಓದಿದವರು ಅವನ್ನು ಬ್ಯಾಕ್ಟೀರಿಯಾ ಎನ್ನುತ್ತಾರೆ. ತಾಮ್ರ ಬೇರಿಗೆ ತಾಗುವ ಮೊದಲೇ ಅವು ನುಂಗುತ್ತಿದ್ದವು. ಬೇರು ಒಸರುವ ಸಿಹಿರಸವೇ ಅವುಗಳ ಕೂಳು.

ಅವರಲ್ಲಿ ಹಿರಿಯಳು ತುಕ್ಕವ್ವ. ನುಂಗಿ ನುಂಗಿ ಅವಳ ಮೈ ಗಟ್ಟಿಯಾಗಿತ್ತು. ಅವಳ ಅಕ್ಕತಂಗಿಯರೆಲ್ಲ ಹೊಟ್ಟೆ ಒಡೆದು ಸತ್ತಿದ್ದರು. ಈಗ ಇನ್ನೊಂದು ಗಣಿಯ ಕಿಟ್ಟವೂ ಇಲ್ಲಿಗೇ ಬರುತ್ತದೆಂದು ಸುದ್ದಿಯಾಯಿತು. ಬಂದರೆ ಯಾರೂ ಉಳಿಯುವುದಿಲ್ಲವೆಂದು ತುಕ್ಕವ್ವನಿಗೆ ಗೊತ್ತಿತ್ತು. ಇರುವೆಯ ಕೈಲಿ, ಗಣಿ ನೋಡಿಕೊಳ್ಳುವ ಅರಮನೆಯ ಪಾರುಪತ್ಯಗಾರನಿಗೆ ದೂರು ಕಳಿಸಿದಳು.

ಇರುವೆ ಉತ್ತರ ತಂದಿತು. “ಹುಲ್ಲು ಹಸಿರಾಗಿದೆಯಲ್ಲ, ಮಣ್ಣಿಗೇನು ಕೇಡು ಅಂದ್ರು. ಐದನೇ ದಿನ ಬರ್ತಾರಂತೆ. ಹುಲ್ಲು ಒಣಗಿದ್ದರೆ ಕಿಟ್ಟದ ಗಾಡಿ ನಿಲ್ಲಿಸ್ತಾರಂತೆ.”

“ಹಾಗಾದ್ರೆ ಬಾಯಿ ಮುಚ್ಚೋಣ,” ಎಂದ ಅದೇ ಬೇರಿನ ನೆರೆಯವ ಕಡ್ಡಿಯಪ್ಪ. “ಐದು ದಿನ ಯಾರೂ ನುಂಗಬಾರದು. ಅರಮನೆಯವರ ಕಿಟ್ಟ ಅರಮನೆಯವರ ಕಣ್ಣಿಗೇ ಬೀಳಲಿ.”

ಎಲ್ಲರೂ ಒಪ್ಪಿದರು. ತುಕ್ಕವ್ವನೂ ಒಪ್ಪಿದಳು.

ಮೂರನೆಯ ದಿನ ಗರಿಕೆ ಹಳದಿಯಾಯಿತು. ತುದಿಗಳು ಸುಟ್ಟಂತೆ ಮುರುಟಿದವು.

“ಅವ್ವಾ, ಬೇರೆಲ್ಲ ಉರೀತದೆ,” ಎಂದಿತು ಗರಿಕೆ. “ನಾನೇನು ತಪ್ಪು ಮಾಡಿದೆ?”

“ನೀನೇನೂ ಮಾಡಿಲ್ಲ ಮಗಳೇ.”

“ಮತ್ತೆ ನನಗ್ಯಾಕೆ?”

ತುಕ್ಕವ್ವ ಕಡ್ಡಿಯಪ್ಪನ ಕಡೆ ತಿರುಗಿದಳು.

“ಇನ್ನೆರಡೇ ದಿನ ಕಣವ್ವ, ಹಲ್ಲು ಕಚ್ಚಿ ತಡಕೋ,” ಎಂದ ಕಡ್ಡಿಯಪ್ಪ.

“ನಮಗೆಲ್ಲಿಯ ಹಲ್ಲು ಕಣಪ್ಪ? ಇರೋದು ಬಾಯೊಂದೇ. ಎರಡು ದಿನ ಇವಳು ತಡೆಯೋದಿಲ್ಲ.”

ತುಕ್ಕವ್ವ ಬಾಯಿ ತೆರೆದಳು. ಕಡ್ಡಿಯಪ್ಪ ಅವಳನ್ನೂ ಅವಳ ವಂಶವನ್ನೂ ಬೈದ. ಬೈದು ಮುಗಿಸಿ ತಾನೂ ಬಾಯಿ ತೆರೆದ. ಒಬ್ಬೊಬ್ಬರಾಗಿ ಎಲ್ಲರೂ ತೆರೆದರು.

ಐದನೆಯ ದಿನ ಪಾರುಪತ್ಯಗಾರ ಬಂದಾಗ ಗರಿಕೆ ಚಿಗುರಿತ್ತು. ಅವನು ದಿಬ್ಬದ ಅಂಚಿನಲ್ಲೇ ನಿಂತು ನೋಡಿದ. ಚಪ್ಪಲಿಗೆ ಕಿಟ್ಟ ಹತ್ತದಂತೆ ಬಾಗಿ, ಮನೆಯ ಪೂಜೆಗೆಂದು ಒಂದು ಹಿಡಿ ಗರಿಕೆ ಕಿತ್ತುಕೊಂಡ.

“ಬೇರಿನವರು ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ,” ಎಂದ. “ಇವರಿಗೆ ಇದೇ ಒಗ್ಗೋದು. ಎರಡೂ ಗಣಿಯದ್ದು ಇಲ್ಲೇ ಹಾಕಿ.”

ಅವತ್ತೇ ಗಾಡಿಗಳು ಬಂದವು. ತುಕ್ಕವ್ವ ನುಂಗಿದಳು. ಹೊಟ್ಟೆಯಲ್ಲಿ ಜಾಗವಿಲ್ಲದಾಗಲೂ ನುಂಗಿದಳು. ಆರನೆಯ ಗಾಡಿಗೆ ಅವಳ ಮೈ ಒಡೆಯಿತು. ಆಯುಷ್ಯವಿಡೀ ಅವಳು ಹಿಡಿದಿಟ್ಟಿದ್ದ ತಾಮ್ರವೆಲ್ಲ ಒಮ್ಮೆಗೇ ಹೊರಬಂದು, ಅವಳು ಕಾಯ್ದಿದ್ದ ಬೇರಿಗೇ ಹರಿಯಿತು. ಕಡ್ಡಿಯಪ್ಪ ಅಡ್ಡ ಬಿದ್ದ. ಅವನೊಬ್ಬನಿಂದ ಎಷ್ಟು ತಡೆಯಲಾದೀತು?

ಗರಿಕೆ ಒಣಗಿತು. ಅದನ್ನು ತೋರಿಸಿ ದೂರು ಹೇಳಲು ಬೇರಿನಲ್ಲಿ ಯಾರೂ ಉಳಿದಿರಲಿಲ್ಲ. ಪಾರುಪತ್ಯಗಾರ ಇನ್ನೊಂದು ದಿಬ್ಬ ಹುಡುಕಲು ಆಳು ಕಳಿಸಿದ. ಹುಲ್ಲು ಹಸಿರಾಗಿರುವ ಕಡೆಯೇ ನೋಡಿ ಎಂದು ಹೇಳಿ ಕಳಿಸಿದ.

ಆ ಆಳುಗಳು ನಿಮ್ಮೂರಿಗೂ ಬರುತ್ತಾರೆ. “ಅವರಿಗೆ ಒಗ್ಗಿದೆ” ಎಂದು ನಿಮ್ಮ ಎದುರಿಗೇ ಹೇಳುತ್ತಾರೆ. ತಲೆಯಾಡಿಸಬೇಡಿ. ಮಣ್ಣು ಬಗೆದು ಬೇರಿನವರನ್ನು ಕೇಳಿ. ಕೇಳಿದ ಮೇಲೆ ಮನೆಗೆ ಹೋಗಬೇಡಿ. ಹೋಗಿ ಗಾಡಿಗೆ ಅಡ್ಡ ನಿಲ್ಲಿ.