ಟಗರಿನ ವಾಯಿದೆ

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ರಾತ್ರಿಯ ಹಿಮಕ್ಕೆ ಆಲೂಗಡ್ಡೆ ಗಿಡಗಳು ಸುಟ್ಟಂತೆ ಕಪ್ಪಾಗಿದ್ದವು. ನೀರಜಾ ಮನೆ ಪಕ್ಕದ ತೋಟದಲ್ಲಿ ಗೆಡ್ಡೆ ಅಗೆಯುತ್ತಿದ್ದಳು. ಗಂಡ ಮಹಾಬಲೇಶ್ವರ ಮಣ್ಣು ಕೊಡವಿ ಬಕೆಟ್ಟಿಗೆ ತುಂಬುತ್ತಿದ್ದ. ನೆಲ ಕಲ್ಲಾಗುವ ಮೊದಲು ಕೊನೆಯ ಸಾಲು ಮುಗಿಯಬೇಕಿತ್ತು. ಅಷ್ಟರಲ್ಲಿ ಮುಂಬಾಗಿಲ ಬಳಿ ಇಬ್ಬರು ಮುದುಕರು ಟೋಪಿ ತೆಗೆದು ನಿಂತಿದ್ದು ಕಂಡಿತು.

“ಬಂದ್ರು ನೋಡು, ನಿನ್ ಗುರುವಾರದ ಗೆಸ್ಟ್‌ಗಳು,” ಎಂದ ಮಹಾಬಲೇಶ್ವರ.

ಅವರ ಮನೆ ಒಂದು ಕಾಲಕ್ಕೆ ಆ ಸೀಮೆಯ ಕೋರ್ಟು. ಐವತ್ತು ವರ್ಷದ ಹಿಂದೆ ಸರ್ಕಾರ ಅಂಥ ಹಳ್ಳಿ ಕೋರ್ಟುಗಳನ್ನು ಮುಚ್ಚಿ ಪಟ್ಟಣಕ್ಕೆ ಸೇರಿಸಿತು. ಆಮೇಲೆ ಆ ಕಟ್ಟಡದಲ್ಲಿ ಹೊಲಿಗೆ ಕ್ಲಾಸು ನಡೆಯಿತು. ಕೆಲವು ವರ್ಷ ಟ್ರ್ಯಾಕ್ಟರ್ ಟಯರುಗಳು ಬಿದ್ದಿದ್ದವು. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಪಟ್ಟಣದ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕ ಮಹಾಬಲೇಶ್ವರ, ಪಟ್ಟಣದ ಬಾಡಿಗೆಗೆ ಹೆದರಿ ಅದನ್ನು ಕೊಂಡ. ನ್ಯಾಯಾಧೀಶರು ಕೂರುತ್ತಿದ್ದ ಎತ್ತರದ ಜಾಗದಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು ನೀರಜಾ ಅಲ್ಲೇ ಊಟದ ಮೇಜು ಹಾಕಿದಳು. ಎಡವಟ್ಟು ಶುರುವಾಗಿದ್ದು ಅಲ್ಲಿಂದ.

ಬಂದವರು ನೆರೆಯ ರೈತರು. ರೂನೆಗೆ ಎಂಬತ್ತು ದಾಟಿತ್ತು. ಹೋಕನ್ ಎಪ್ಪತ್ತರ ಹತ್ತಿರ. ಪ್ರತಿ ಗುರುವಾರ ಕೆಳಗಿನ ಬೆಂಚಿನ ಮೇಲೆ ಕೂರುವರು. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಅದೇ ಕಥೆ ಹೇಳುವರು. ರೂನೆಯ ಅಪ್ಪನ ಟಗರು ಹೋಕನ್‌ನ ಅಪ್ಪನ ಹೊಲಕ್ಕೆ ನುಗ್ಗಿ ಟರ್ನಿಪ್ ಗೆಡ್ಡೆ ಮೇಯ್ದಿತ್ತು. ಆಮೇಲೆ ಟಗರು ಮನೆಗೆ ಬರಲೇ ಇಲ್ಲ. ಅದನ್ನು ಹೋಕನ್‌ನ ಅಪ್ಪ ಕಡಿದು ತಿಂದ ಎಂದು ರೂನೆಯ ಅಪ್ಪ ದೂರು ಕೊಟ್ಟಿದ್ದ, ಅವನು ಒಪ್ಪಿರಲಿಲ್ಲ. ಒಂಟಿ ಜೀವಗಳು, ಮಾತಿಗೆ ಬರುತ್ತಾರೆ ಎಂದುಕೊಂಡು ನೀರಜಾ ಕಾಫಿ ಕೊಡುವಳು. ಹೊರಡುವಾಗ ತನ್ನ ಕನ್ನಡದ ರೂಢಿಯನ್ನೇ ಸ್ವೀಡಿಷ್‌ಗೆ ತಿರುಗಿಸಿ “ಹೋಗಿ, ಬನ್ನಿ” ಎನ್ನುವಳು. ಅವರು ತಲೆಬಾಗಿ ಹೋಗುವರು. ಮುಂದಿನ ಗುರುವಾರ ಬರುವರು.

ಅಂದು ರೂನೆ ಕಾಫಿ ಮುಟ್ಟಲಿಲ್ಲ.

“ಈ ತಿಂಗಳ ಕೊನೆಗೆ ನನ್ನನ್ನ ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸ್ತಾರೆ. ಹೋಗೋ ಮೊದಲು ನಮ್ಮಪ್ಪ ಸುಳ್ಳು ಹೇಳಿದ್ನೋ ನಿಜ ಹೇಳಿದ್ನೋ ಗೊತ್ತಾಗ್ಬೇಕು. ದಯವಿಟ್ಟು ಇನ್ನೊಂದು ವಾಯಿದೆ ಕೊಡಬೇಡಿ.”

“ವಾಯಿದೆನಾ?” ಎಂದಳು ನೀರಜಾ.

ಹೋಕನ್ ವಿವರಿಸಿದ. “ಹಳೇ ಜಡ್ಜ್ ಕೊನೇ ದಿನ ಹೇಳಿದ್ದೂ ಅದೇ ಮಾತು, ಹೋಗಿ ಬನ್ನಿ ಅಂತ. ನಾವು ಬಂದ್ವಿ, ಬಾಗಿಲಿಗೆ ಬೀಗ ಇತ್ತು. ಈಗ ನೀವು ಬಾಗಿಲು ತೆಗೆದಿದ್ದೀರಿ. ಆದ್ರೆ ನೀವೂ ಹಾಗೇ ಅಂತೀರಿ.”

“ಕೋರ್ಟು ಪಟ್ಟಣಕ್ಕೆ ಹೋಯ್ತಲ್ಲ?” ಎಂದ ಮಹಾಬಲೇಶ್ವರ.

“ಕೋರ್ಟು ಹೋಯ್ತು. ನಮ್ಮನ್ನ ಯಾರೂ ಕರೀಲಿಲ್ಲ.”

ಮಹಾಬಲೇಶ್ವರ ಹೆಂಡತಿಯ ಕಡೆ ಬಾಗಿ ಕನ್ನಡದಲ್ಲಿ, “ಬರೀ ಹೋಗಿ ಅಂದ್ಬಿಡು. ಕೇಸ್ ಕ್ಲೋಸ್,” ಎಂದ.

“ವೃದ್ಧಾಶ್ರಮಕ್ಕೆ ಹೊರಟೋರಿಗೆ ಬರೀ ಹೋಗಿ ಅನ್ನೋದಾ? ನಾಲಗೆ ಹೇಗ್ರೀ ಹೊರಳತ್ತೆ?”

ಅವಳು ಮಣ್ಣಿನ ಕೈ ಒರೆಸಿಕೊಂಡು ಮೇಜಿನ ಹಿಂದೆ ಕುಳಿತಳು. ಮಾಂಸ ಮುಟ್ಟದ ಮನೆಯವಳು. ಆದರೂ ಟಗರಿನ ಲೆಕ್ಕ ಹಾಕತೊಡಗಿದಳು.

“ಹೋಕನ್, ಟಗರು ಟರ್ನಿಪ್ ತಿಂತು. ಆ ಟಗರನ್ನ ನಿಮ್ಮಪ್ಪ ತಿಂದಿದ್ರೆ ಅವರ ಟರ್ನಿಪ್ ಅವರ ಹೊಟ್ಟೆಗೇ ವಾಪಸ್ ಬಂತು, ಆ ಲೆಕ್ಕ ಮುಗೀತು. ಉಳಿದಿದ್ದು ಟಗರಿನ ಸಾಲ ಮಾತ್ರ. ತಿಂದಿಲ್ಲ ಅಂದ್ರೆ ರೂನೆ ನಿಮಗೆ ಟರ್ನಿಪ್ ಕೊಡ್ಬೇಕು. ಹೇಳಿ, ತಿಂದ್ರಾ?”

ರೂನೆ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹೋಕನ್ ಟೋಪಿಯ ಅಂಚನ್ನು ಸುತ್ತಲೂ ತಿರುಗಿಸಿದ.

“ಮಾಂಸ ತುಂಬಾ ಗಟ್ಟಿ ಇತ್ತು,” ಎಂದ ಕೊನೆಗೆ.

ರೂನೆ ನಿಧಾನವಾಗಿ ಕುಳಿತು, ಆರಿದ ಕಾಫಿಯನ್ನು ಪೂರ್ತಿ ಕುಡಿದ. “ಮುದಿ ಟಗರು ಅದು. ಒಂದಿಡೀ ದಿನ ಬೇಯಿಸ್ಬೇಕು.”

“ಎರಡು ದಿನ ಬೇಯಿಸಿದ್ವಿ.”

ಹೋಕನ್ ರೂನೆಗೆ ಒಂದು ಟಗರು ಕೊಡತಕ್ಕದ್ದು ಎಂದು ತೀರ್ಮಾನವಾಯಿತು.

ರೂನೆ ಹೊರಡುವ ದಿನ ಕರೆದೊಯ್ಯಲು ಪುರಸಭೆಯ ಕಾರು ಬಂತು. ಹೋಕನ್ ಎಳೆಯ ಟಗರೊಂದನ್ನು ಹಗ್ಗ ಹಿಡಿದು ತಂದ. ಇದನ್ನು ಕಾರಿಗೆ ಹತ್ತಿಸಲಾಗದು ಎಂದಳು ಡ್ರೈವರ್. ರೂನೆ ಕೇಳಿಸಿಕೊಳ್ಳಲಿಲ್ಲ. ಟಗರಿನ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ಸವರಿದ.

“ಕೊಂಬು ಸಣ್ಣದು,” ಎಂದ. ಆಮೇಲೆ ಹಗ್ಗವನ್ನು ಹೋಕನ್‌ನ ಕೈಗೇ ಕೊಟ್ಟ. “ಇದು ನನ್ನ ಟಗರು. ನಿನ್ನ ಹೊಲದಲ್ಲಿ ಮೇಯಲಿ.”

“ಕೊಂಬು?”

“ಬೆಳೆಯುತ್ತೆ,” ಎಂದು ರೂನೆ ಕಾರು ಹತ್ತಿದ.