ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೆಗಳು

ಮೆಕ್ಕೆಜೋಳದ ರೋಗಗಳ ಮೇಲೆ ಇಪ್ಪತ್ತು ವರ್ಷ ದುಡಿದ ವಿಜ್ಞಾನಿ ವಾಣಿಶ್ರೀಯನ್ನು ದಾವಣಗೆರೆಯ ಜನ ಗುರುತಿಸುತ್ತಿದ್ದುದು ವೈಜ್ಞಾನಿಕ ಕಾದಂಬರಿ ಬರೆಯುವ ಮೇಡಂ ಎಂದೇ. ಆ ಹೆಸರು ತಂದುಕೊಟ್ಟದ್ದು ಅವಳ ಮೊದಲ ಕಾದಂಬರಿ. ಹುಟ್ಟಿದ ನೆಲದ ನೆನಪನ್ನೆಲ್ಲ ಹೊತ್ತು ಬೇರೊಂದು ಗ್ರಹಕ್ಕೆ ಹೋಗಿ, ಅಲ್ಲಿ ಮೊಳೆಯಲು ಒಲ್ಲೆನ್ನುವ ಬೀಜದ ಕಥೆ. ಇಂಥದ್ದು ಹೇಗೆ ಹೊಳೆಯಿತು ಎಂದು ಓದಿದವರೆಲ್ಲ ಕೇಳುವರು. ಅವಳು ನಕ್ಕು ಮಾತು ಮರೆಸುವಳು.

ಹೊಳೆದದ್ದು ಅವಳಿಗಲ್ಲ. ಬಿ.ಎಸ್ಸಿ. ಓದುವಾಗ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಪಕ್ಕದ ಸ್ಟೂಲಿನ ಶಾಹಿಸ್ತಾ ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದನ್ನು ಬರೆದಿದ್ದಳು. ಮದುವೆಯಾಗಿ ಹರಿಹರಕ್ಕೆ ಹೊರಟಾಗ, ಅಲ್ಲಿ ನನಗ್ಯಾಕೆ, ನೀನೇ ಇಟ್ಟುಕೊ ಎಂದು ಕೊಟ್ಟುಹೋಗಿದ್ದಳು. ಇಟ್ಟುಕೊ ಎಂದಿದ್ದಳೇ ಹೊರತು ನಿನ್ನ ಹೆಸರು ಹಾಕಿಕೊ ಎಂದಿರಲಿಲ್ಲ.

ಈ ವರ್ಷ ಐದನೇ ಮುದ್ರಣಕ್ಕೆ ಮುನ್ನುಡಿ ಬರೆಯಲು ಕೂತರೆ ಕೈ ಓಡಲಿಲ್ಲ. ಮೂರು ದಿನ ಹೀಗೇ ಒದ್ದಾಡಿ, ನಾಲ್ಕನೇ ದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದಳು.

ಶಾಹಿಸ್ತಾ ಮನೆಯಲ್ಲಿ ಹೈಸ್ಕೂಲು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಿದ್ದಳು. ಅವರನ್ನು ಕಳಿಸಿ ಚಹಾ ಮಾಡಿ ತಂದಳು. ವಾಣಿಶ್ರೀ ಲೋಟ ಮುಟ್ಟದೆ ಎಲ್ಲವನ್ನೂ ಒಪ್ಪಿಕೊಂಡಳು.

"ನಂಗೆ ಆವಾಗ್ಲೇ ಗೊತ್ತಿತ್ತು," ಎಂದಳು ಶಾಹಿಸ್ತಾ. "ಲೈಬ್ರರಿಯಿಂದ ತಂದು ಮಗಳಿಗೆ ಓದಿ ಹೇಳೀನಿ. ಯಾರು ಬರ್ದಿದ್ದು ಅಮ್ಮೀ ಅಂದ್ಲು. ನಿನ್ ಹೆಸರೇ ಹೇಳ್ದೆ. ಪುಸ್ತಕದ ಮ್ಯಾಲೆ ನಿಂದೇ ಐತಲ್ಲ, ನಂದು ಅಂದ್ರೆ ನಂಬ್ತಿದ್ಲೇನು?"

ವಾಣಿಶ್ರೀ ಮುನ್ನುಡಿಯಲ್ಲಿ ನಿನ್ನನ್ನು ನೆನೆಯುತ್ತೇನೆ ಎಂದಳು.

"ನೆನೆಯೋದೆಲ್ಲ ಬ್ಯಾಡ. ಹಾಕೋದಾದ್ರೆ ಮುಖಪುಟಕ್ಕೆ ಹಾಕು. ಇಲ್ಲಾಂದ್ರೆ ಚಾ ಕುಡ್ದು ಹೋಗು."

ಕಾದಂಬರಿಗೆ ಬಂದಿದ್ದ ಪ್ರಶಸ್ತಿ, ಕಚೇರಿಯವರ ಮುಖಗಳು ವಾಣಿಶ್ರೀಯ ಕಣ್ಣಮುಂದೆ ಸುಳಿದವು. ಅವಳು ಅಳೆದು ಸುರಿಯುವುದನ್ನು ಶಾಹಿಸ್ತಾ ನೋಡುತ್ತಲೇ ಕೂತಿದ್ದಳು. ಕೊನೆಗೆ ವಾಣಿಶ್ರೀ ಅಲ್ಲಿಂದಲೇ ಪ್ರಕಾಶಕರಿಗೆ ಫೋನು ಹಚ್ಚಿ, ನಡೆದದ್ದನ್ನು ನಡೆದಂತೆ ಹೇಳಿದಳು.

ಪುಸ್ತಕ ಎರಡು ಹೆಸರು ಹೊತ್ತು ಬಂತು, ಶಾಹಿಸ್ತಾಳದು ಮೊದಲು. ಪ್ರಶಸ್ತಿಯನ್ನು ವಾಣಿಶ್ರೀ ಹಿಂದಿರುಗಿಸಿದಳು. ಪತ್ರಿಕೆಗಳು ನಾಲ್ಕು ದಿನ ಆಡಿಕೊಂಡವು, ಕಚೇರಿಯಲ್ಲಿ ಕೆಲವರು ಮಾತು ಬಿಟ್ಟರು. ಇದೆಲ್ಲ ಅವಳು ಎಣಿಸಿದ್ದೇ, ಸಹಿಸಿಕೊಂಡಳು.

ಹೊಸ ಪ್ರತಿ ಕೊಡಲು ಹರಿಹರಕ್ಕೆ ಹೋದ ದಿನ ಬಾಗಿಲು ತೆಗೆದವಳು ಶಾಹಿಸ್ತಾಳ ಮಗಳು. ಈಗ ಅವಳೂ ಕಾಲೇಜು ಹುಡುಗಿ. ಮುಖಪುಟದ ಮೇಲಿನ ತಾಯಿಯ ಹೆಸರನ್ನು ಬೆರಳಿಂದ ಸವರಿದಳು.

"ಮೊದಲ್ನೇ ಸಲ ಇದು ನಿಮ್ ಹೆಸರಲ್ಲಿ ಬಂದ ಮ್ಯಾಲೆ ಅಮ್ಮಿ ಒಂದು ಸಾಲೂ ಬರೀಲಿಲ್ಲ ಆಂಟಿ," ಎಂದಳು. "ಅದಕ್ಕೂ ಮುಂಚೆ ಬರೀತಿದ್ರಂತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ವಾಣಿಶ್ರೀ ಹೊಸಿಲಾಚೆಯೇ ನಿಂತಳು. ಒಳಗೆ ಬನ್ನಿ ಎಂದು ಆ ಹುಡುಗಿ ಎರಡು ಸಲ ಕರೆಯಬೇಕಾಯಿತು.